ಸಂಕದ ಬುಡದ ಮೊಳೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಚಿಕ್ಕಂದಿನಲ್ಲಿ ಗುಡುಗಿಗೆ ಹೆದರಿದೆ, ಹಾಯುವ ದನಕ್ಕೆ ಹೆದರಿದೆ, ಟೀಚರಾದ ಮೇಲೆ ಶಾಲೆಗೆ ತಪಾಸಣೆಗೆ ಬರುವವರಿಗೆ ಹೆದರಿದೆ. ಅವೆಲ್ಲ ಬಂದು ಹೋಗುವ ಹೆದರಿಕೆಗಳು. ಬಂದದ್ದು ಹೋಗದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಹೊಟ್ಟೆಯೊಳಗೆ ಬಿಡಾರ ಹೂಡಿದ ಹೆದರಿಕೆ ಒಂದೇ. ಅದು ನಮ್ಮ ಮನೆಯೆದುರಿನ ಸಂಕದ್ದು.

ಸಂಕ ಎಂದರೆ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರವಲ್ಲ. ಪುತ್ತೂರಿನಿಂದ ಕಡಬದ ಕಡೆಗೆ ಹೋಗುವ ಹೆದ್ದಾರಿಯ ದೊಡ್ಡ ಸೇತುವೆ, ಬ್ರಿಟಿಷರ ಕಾಲದ್ದು. ನಮ್ಮಲ್ಲಿ ನೀರು ದಾಟಿಸುವ ಎಲ್ಲದಕ್ಕೂ ಸಂಕ ಎಂದೇ ಹೆಸರು. ಕಲ್ಲಿನ ಕಂಬಗಳ ಮೇಲೆ ಕಬ್ಬಿಣದ ತೊಲೆಗಳು, ತೊಲೆಗಳ ಮೇಲೆ ರಸ್ತೆ. ಮೂರನೆಯ ಕಂಬದ ಬಿರುಕಿನಲ್ಲಿ ಅಶ್ವತ್ಥದ ಗಿಡವೊಂದು ಹುಟ್ಟಿ, ನಾನು ಮದುವೆಯಾಗಿ ಬರುವಾಗಲೇ ನನ್ನಷ್ಟು ಎತ್ತರವಾಗಿತ್ತು. ಅದನ್ನು ಕೀಳುವ ಧೈರ್ಯ ಯಾರಿಗೂ ಇರಲಿಲ್ಲ. ಅಶ್ವತ್ಥ ಕಡಿದರೆ ದೋಷ ಎನ್ನುವವರು ಕೆಲವರು, ಗಿಡ ಕಿತ್ತರೆ ಕಂಬವೂ ಜೊತೆಗೆ ಬಂದೀತು ಎನ್ನುವವರು ಕೆಲವರು. ನಾನು ಎರಡೂ ಗುಂಪಿಗೆ ಸೇರಿದವಳು.

ತುಂಬಿದ ಬಸ್ಸು ಸೇತುವೆಯ ಮೇಲೆ ಹೋಗಬಾರದೆಂದು ಇಲಾಖೆಯವರು ಬೋರ್ಡು ನೆಟ್ಟಿದ್ದರು. ಹಾಗಾಗಿ ಪ್ರತಿಯೊಂದು ಬಸ್ಸೂ ಸಂಕದ ಬುಡದಲ್ಲಿ ನಿಲ್ಲಬೇಕು. ಕಂಡಕ್ಟರು ಬಾಗಿಲು ಬಡಿದು, "ಇಳೀರಿ, ಇಳೀರಿ, ಮಕ್ಕಳನ್ನು ಕೈಯಲ್ಲಿ ಹಿಡ್ಕೊಳ್ಳಿ" ಎಂದು ಕೂಗುತ್ತಾನೆ. ಜನರೆಲ್ಲ ಇಳಿದು, ಗಂಟು ಮೂಟೆ ಹೊತ್ತುಕೊಂಡು, ಆಚೆ ದಡಕ್ಕೆ ನಡೆಯಬೇಕು. ಎಲ್ಲರೂ ದಾಟಿದ ಮೇಲೆ ಕಂಡಕ್ಟರು ಅಲ್ಲಿಂದ ಎರಡು ಸಲ ಸೀಟಿ ಊದುತ್ತಾನೆ. ಆಗ ಡ್ರೈವರು ಖಾಲಿ ಬಸ್ಸನ್ನು ಒಬ್ಬನೇ ತರಬೇಕು. ಅವನ ಬದಿಯ ಬಾಗಿಲು ತೆರೆದಿರಬೇಕು, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಅದನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿರಬೇಕು. ಇದು ಬೋರ್ಡಿನಲ್ಲಿ ಬರೆದದ್ದಲ್ಲ, ಡ್ರೈವರುಗಳು ತಾವೇ ಮಾಡಿಕೊಂಡ ಕ್ರಮ. ಹೊಳೆಗೆ ಹಾರಲಿಕ್ಕೆ.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಗೆ ಬಾಗಿಲು ಕಟ್ಟಿಕೊಂಡು ದಾಟುತ್ತಿದ್ದ ಡ್ರೈವರು ನನ್ನ ಗಂಡ.

ನನ್ನ ಶಾಲೆ ಹೊಳೆಯ ಆಚೆಗೆ ಮೂರು ಮೈಲಿ. ದಿನವೂ ಅವರ ಬಸ್ಸಿನ ಜನರ ಜೊತೆ ನಾನೂ ನಡೆದು ದಾಟುತ್ತಿದ್ದೆ. ಕಾಲಡಿಯಲ್ಲಿ ಸಂಕ ಸಣ್ಣಗೆ ನಡುಗುತ್ತಿತ್ತು. ನನ್ನ ಕಾಲು ನಡುಗುವುದೋ ಸಂಕ ನಡುಗುವುದೋ ಎಂದು ನನಗೇ ಗೊತ್ತಾಗದ ದಿನಗಳೂ ಇದ್ದವು. ಆದರೆ ನಿಜವಾದ ಹೆದರಿಕೆ ನಾನು ದಾಟಿದ ಮೇಲೆ ಸುರುವಾಗುವುದು. ತೊಲೆಗಳು ಸೇರುವಲ್ಲಿ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ತಗಡು ಹಾಕಿದ್ದರು, ಒಟ್ಟು ಏಳು. ಬಸ್ಸಿನ ಚಕ್ರ ಹತ್ತಿದಾಗ ಒಂದೊಂದು ತಗಡೂ ಟಡಂ ಎನ್ನುತ್ತಿತ್ತು. ನಾನು ಹೊಳೆಗೆ ಬೆನ್ನು ಹಾಕಿ ನಿಂತು ಎಣಿಸುತ್ತಿದ್ದೆ. ಏಳನೆಯದು ಕೇಳುವವರೆಗೆ ಉಸಿರು ಬಿಡುತ್ತಿರಲಿಲ್ಲ. ಕಂಡಕ್ಟರಿಗೆ ಇದು ಗೊತ್ತಿತ್ತು. "ಟೀಚರೇ, ಲೆಕ್ಕ ಸರಿ ಉಂಟಾ?" ಎಂದು ದಿನಾ ತಮಾಷೆ ಮಾಡುತ್ತಿದ್ದ. ನಾನು ನಕ್ಕಂತೆ ಮಾಡುತ್ತಿದ್ದೆ, ಮನಸ್ಸಿನಲ್ಲಿ ಅವನಿಗೆ ಶಾಪ ಹಾಕುತ್ತಿದ್ದೆ.

ನಮ್ಮ ಮನೆ ಎಂದರೆ ಒಂದು ಹೋಟೆಲು, ಅದರ ಹಿಂದೆ ಎರಡು ಕೋಣೆ. ಸಂಕದ ಪುತ್ತೂರು ಕಡೆಯ ಬುಡದಲ್ಲಿ, ಬಸ್ಸು ನಿಲ್ಲುವಲ್ಲೇ ಇತ್ತು. ನಡೆಸುತ್ತಿದ್ದವರು ನನ್ನ ಮಾವ. ಹೆಂಡತಿ ತೀರಿದ ಮೇಲೆ ಮಗನನ್ನು ಆ ಒಲೆಯ ಬದಿಯಲ್ಲೇ ಬೆಳೆಸಿದವರು. ಇಳಿದವರು ಚಾ ಕುಡಿಯದೆ ಸಂಕ ಹತ್ತುತ್ತಿರಲಿಲ್ಲ, ದಾಟಿ ಬಂದವರಿಗೆ ಬದುಕಿ ಬಂದ ಖುಷಿಯಲ್ಲಿ ಹಸಿವಾಗುತ್ತಿತ್ತು. ಮಾವನ ಗೋಳಿಬಜೆಯ ರುಚಿ ಜಾಲ್ಸೂರಿನವರೆಗೂ ಗೊತ್ತಿತ್ತು. ಸಂಕ ಗಟ್ಟಿಯಾಗಿದ್ದರೆ ಯಾರೂ ಅಲ್ಲಿ ಇಳಿಯುತ್ತಿರಲಿಲ್ಲ. ನಾನು ಯಾವುದಕ್ಕೆ ಹೆದರಿ ಸಾಯುತ್ತಿದ್ದೆನೋ ಅದರಿಂದಲೇ ನಮ್ಮ ಮನೆಯ ಅನ್ನ ಬೇಯುತ್ತಿತ್ತು. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೋಟೆಲಿನೆದುರು ಒಂದು ಕಾಟು ಮಾವಿನ ಮರ ಇತ್ತು, ಯಾರೂ ನೆಡದೆ ತಾನಾಗಿ ಹುಟ್ಟಿದ ಕಾಡು ಮಾವು. ಅದರ ಮಿಡಿ ಉಪ್ಪಿನಕಾಯಿಗೆ ಹೆಸರುವಾಸಿ. ಆ ಮರದಲ್ಲಿ ಒಂದು ಮೊಳೆ. ನನ್ನ ಕಥೆಯೆಲ್ಲ ಆ ಮೊಳೆಯಲ್ಲೇ ತೂಗುತ್ತಿದೆ.

ನನಗೆ ಮದುವೆಯಾದ ವರ್ಷ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಹೊತ್ತಿಗೆ, ದೊಡ್ಡ ನೆರೆ ಬಂತು. ಹೊಸ ಸೊಸೆ ಆಟಿಯಲ್ಲಿ ತವರಿನಲ್ಲಿರುವುದು ನಮ್ಮ ಕಡೆಯ ಪದ್ಧತಿ. ನಾನು ಮಂಡೆಕೋಲಿನಲ್ಲಿ ಅಮ್ಮನ ಕೈಯಡುಗೆ ತಿಂದುಕೊಂಡಿದ್ದೆ, ನೆರೆಯನ್ನು ನೋಡಲಿಲ್ಲ. ಮಾವ ಮತ್ತು ನನ್ನ ಗಂಡ ಗುಡ್ಡ ಹತ್ತಿ ಪಾರಾಗಿದ್ದರು. ಸಂಕ ಮುಳುಗಿ, ಮಣ್ಣಿನ ಗೋಡೆಯ ಹಳೆ ಹೋಟೆಲು ಕರಗಿ ಹೋಗಿತ್ತು. ನೀರು ಇಳಿದ ಮರುದಿನ ಮಾವ ಮಾಡಿದ ಮೊದಲ ಕೆಲಸ, ಆ ಮಾವಿನ ಮರದ ತೊಗಟೆಯಲ್ಲಿ ಕೆಸರು ಎಲ್ಲಿಯವರೆಗೆ ಅಂಟಿತ್ತೋ ಅಲ್ಲಿಗೆ ಒಂದು ಉದ್ದದ ಮೊಳೆ ಹೊಡೆದದ್ದು. ಮುಂದಿನವರಿಗೆ ಗೊತ್ತಿರಲಿ ಎಂದು. ಆಮೇಲೆ ಹೋಟೆಲನ್ನು ಕಲ್ಲಿನಲ್ಲಿ ಕಟ್ಟಿದರು.

ಆಟಿ ಕಳೆದು ಬಂದು ಶಾಲೆಗೆ ಹೊರಟ ಮೊದಲ ದಿನ ನಾನು ಬಸ್ಸಿಗೆ ಕಾಯುತ್ತ ನನ್ನ ಬಟ್ಟೆಯ ಚೀಲವನ್ನು ಆ ಮೊಳೆಗೆ ತೂಗು ಹಾಕಿದೆ. ಬುತ್ತಿಯಿದ್ದ ಚೀಲವನ್ನು ನೆಲದಲ್ಲಿಟ್ಟರೆ ಇರುವೆ ಬರುತ್ತಿತ್ತು. ಮೊಳೆ ಎತ್ತರದಲ್ಲಿತ್ತು. ಹಿಮ್ಮಡಿ ಎತ್ತಿ, ಬೆರಳ ತುದಿಯಲ್ಲಿ ನಿಂತು, ಕೈಯನ್ನು ಪೂರ್ತಿ ಚಾಚಿದರೆ ಮಾತ್ರ ಎಟುಕುತ್ತಿತ್ತು. ಮಾವ ಒಲೆಯ ಹಿಂದಿನಿಂದ ನೋಡಿ, "ಟೀಚರೇ, ಸ್ವಲ್ಪ ಕೆಳಗೆ ಇನ್ನೊಂದು ಹೊಡೀಲಾ?" ಎಂದರು. ಹೊಸ ಸೊಸೆಯ ನಾಚಿಕೆಗೆ ನಾನು ಬೇಡ ಎಂದೆ. ಅಂದಿನಿಂದ ಶಾಲೆ ಇದ್ದ ದಿನವೆಲ್ಲ ಹಾಗೆಯೇ ಹಿಮ್ಮಡಿ ಎತ್ತಿ ಚೀಲ ತೂಗಿಸಿದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಸುದ್ದಿ ಬಂತು: ಪುತ್ತೂರು, ಸುಳ್ಯದ ಕಡೆಯ ಹೆದ್ದಾರಿಯ ಮುದಿ ಸೇತುವೆಗಳನ್ನೆಲ್ಲ ಬದಲಿಸುತ್ತಾರಂತೆ, ಇಂಜಿನಿಯರು ಒಂದೊಂದೇ ಊರಿಗೆ ಬಂದು ಜನರನ್ನು ಕೇಳುತ್ತಾರಂತೆ. ನನ್ನ ಗಂಡ ಬೇರೆ ಡ್ರೈವರುಗಳಿಂದ ಕೇಳಿದ್ದನ್ನು ಊಟದ ಹೊತ್ತಿಗೆ ಹೇಳುತ್ತಿದ್ದರು. ಒಂದು ಕಡೆ ಜನ ಹೊಸ ಸೇತುವೆಯ ಮಾತು ಬಿಟ್ಟು ಬಸ್ ಸ್ಟ್ಯಾಂಡಿನ ಛಾವಣಿ ಯಾವ ದಿಕ್ಕಿಗೆ ಮುಖ ಮಾಡಬೇಕೆಂದು ಮಧ್ಯಾಹ್ನದವರೆಗೆ ಜಗಳ ಮಾಡಿದರಂತೆ. ನಾವೆಲ್ಲ ನಕ್ಕೆವು. ನಮ್ಮ ಸರದಿ ಬಂದಾಗ ನಾವು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಹೋಟೆಲಿನ ಗೋಡೆಗೆ ನೋಟೀಸು ಅಂಟಿಸಿ ಹೋದರು. ಗೊತ್ತಾದ ದಿನ ಇಂಜಿನಿಯರು ಜೀಪಿನಲ್ಲಿ ಬಂದರು. ಬಯಲುಸೀಮೆಯವರು, ಇನ್ನೂ ಚಿಕ್ಕ ಪ್ರಾಯ, ಬೆವರು ಒರೆಸಿ ಒರೆಸಿ ಕರವಸ್ತ್ರ ಹಿಂಡುವ ಹಾಗಾಗಿತ್ತು. ಮಾವಿನ ಮರದಡಿಯಲ್ಲಿ ಹೋಟೆಲಿನ ಬೆಂಚುಗಳನ್ನೇ ಹಾಕಿ ಸಭೆ. ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ನಡುವೆ ಕುರ್ಚಿಯಲ್ಲಿ ಕೂತವರು ರಸ್ತೆಬದಿಯ ಗದ್ದೆಗಳೆಲ್ಲ ಯಾರದ್ದೋ ಆ ಮೇಲಿನ ಮನೆಯ ಯಜಮಾನರು. ಅಂದು ಭಾನುವಾರ, ಆದರೂ ನನ್ನ ಗಂಡ ಬಸ್ಸಿನಲ್ಲಿದ್ದರು. ಹೇಳಿದ್ದನ್ನು ಬರೆದುಕೊಳ್ಳಲು ಒಳ್ಳೆಯ ಅಕ್ಷರದವರು ಬೇಕೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಹಾಗಾಗಿ ಅಂದಿನ ಕಾಗದದಲ್ಲಿರುವುದು ನನ್ನ ಅಕ್ಷರ.

ಇಂಜಿನಿಯರು ವಿಷಯವನ್ನು ಬಿಡಿಸಿ ಹೇಳಿದರು. ಹೊಸ ಸೇತುವೆ ಬಂದೇ ಬರುತ್ತದೆ. ಎಷ್ಟು ಎತ್ತರ ಎನ್ನುವುದು ಮಾತ್ರ ತೀರ್ಮಾನವಾಗಬೇಕು. ಅದಕ್ಕೆ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಖಚಿತವಾಗಿ ಗೊತ್ತಾಗಬೇಕು. ನೀರು ಕಡಿಮೆ ಬಂದಿದ್ದರೆ ಸೇತುವೆ ಈಗಿನದಕ್ಕಿಂತ ಸ್ವಲ್ಪ ಮೇಲೆ, ರಸ್ತೆ ಇದ್ದಲ್ಲೇ. ನೀರು ಆಳ್ಮಟ್ಟ ಬಂದಿದ್ದರೆ ಸೇತುವೆ ತುಂಬ ಎತ್ತರ, ಅದಕ್ಕೆ ಸೇರುವ ರಸ್ತೆಗೆ ಎರಡೂ ಬದಿಯಲ್ಲಿ ಅಗಲವಾಗಿ ಮಣ್ಣು ತುಂಬಿಸಬೇಕು. "ಹಾಗಾದರೆ ಈ ಜಾಗ ಎಲ್ಲ ಹೋಗುತ್ತೆ" ಎಂದು ಕೈ ಬೀಸಿ ತೋರಿಸಿದರು. ಅವರ ಕೈಯ ಸುತ್ತಿನೊಳಗೆ ಹೋಟೆಲು, ಮರ, ಯಜಮಾನರ ಎರಡು ಗದ್ದೆ ಎಲ್ಲವೂ ಬಂದವು.

"ಗುರುತು ಏನಾದರೂ ಇದೆಯಾ?" ಎಂದು ಕೇಳಿದರು.

"ಇಗೊಳ್ಳಿ, ಮೊಳೆ ಉಂಟಲ್ಲ" ಎಂದು ಮಾವ ಎದ್ದರು. ಅವರಿಗೆ ಮುಚ್ಚುಮರೆ ಗೊತ್ತಿರಲಿಲ್ಲ. ಮರದ ಹತ್ತಿರ ಹೋಗಿ ನಿಂತವರು ತಾವೇ ಬೆರಗಾದರು. "ಇದೆಂತ ಮಾರಾಯ್ರೆ! ನಾನು ಹೊಡೆಯುವಾಗ ನನ್ನ ತಲೆಯಿಂದ ಒಂದು ಗೇಣು ಮೇಲೆ ಇತ್ತು. ಈಗ ನೋಡಿ, ಎರಡು ಗೇಣು ಮೇಲೆ ಹೋಗಿದೆ."

ಯಜಮಾನರು ತಡಮಾಡಲಿಲ್ಲ. "ಮರ ಬೆಳೆದ ಹಾಗೆ ಮೊಳೆಯೂ ಬೆಳೆದಿದೆ. ಹತ್ತು ವರ್ಷದಲ್ಲಿ ಮರ ಎಷ್ಟು ಎತ್ತರ ಹೋಗಿಲ್ಲ! ಇದನ್ನು ನಂಬ್ಲಿಕ್ಕೆ ಆಗುದಿಲ್ಲ ಸ್ವಾಮಿ. ನಾನು ಕಣ್ಣಾರೆ ನೋಡಿದ್ದೇನೆ, ಇಲ್ಲಿ ನೀರು ಇದ್ದದ್ದು ಮೊಣಕಾಲಷ್ಟು."

"ಹೌದು ಹೌದು, ಮೊಣಕಾಲು" ಎಂದರು ನಾಲ್ಕು ಜನ. ಆಮೇಲೆ ಎಲ್ಲರೂ ಹೇಳಿದರು. ಮೊಣಕಾಲಿನ ನೀರಿಗೆ ಹಳೆ ಹೋಟೆಲು ಹೇಗೆ ಕರಗಿತೆಂದು ಯಾರೂ ಕೇಳಲಿಲ್ಲ. ಮರದ ಜೊತೆಗೇ ಬಾಳಿದ ಜನ ಇವರು. ಕೊಂಬೆ ಬೆಳೆಯುವುದು ತುದಿಯಲ್ಲಿ, ಕಾಂಡಕ್ಕೆ ಹೊಡೆದದ್ದು ಇದ್ದಲ್ಲೇ ಇರುತ್ತದೆಂದು ಅವರಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಮಾವನ ಮುಖದಲ್ಲಿ ಕಪಟ ಇರಲಿಲ್ಲ. ಅವರು ನಿಜವಾಗಿಯೂ ನಂಬಿದ್ದರು. ಒಲೆಗೆ ಬಗ್ಗಿ ಬಗ್ಗಿ ತನ್ನ ಬೆನ್ನು ಬಾಗಿದ್ದು ಅವರಿಗೆ ಹೊಳೆದಿರಲಿಲ್ಲ. ಮೊಳೆ ಮೇಲೆ ಹೋಗಿರಲಿಲ್ಲ, ಮಾವ ಕೆಳಗೆ ಬಂದಿದ್ದರು. ಆ ಸಭೆಯಲ್ಲಿ ಅದು ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಮೊಳೆ ಒಂದು ಬೆರಳು ಮೇಲೆ ಹೋಗಿದ್ದರೂ ನನ್ನ ಚೀಲ ಅದಕ್ಕೆ ಎಟುಕುತ್ತಿರಲಿಲ್ಲ.

ಇಂಜಿನಿಯರು ನನ್ನ ಕಡೆ ತಿರುಗಿದರು. "ಟೀಚರ್, ನೀವು ಓದಿದವರು. ಇವರು ಹೇಳೋದು ಸರಿಯಾ?"

ಇಪ್ಪತ್ತೈದು ಜನರ ಕಣ್ಣು. ಮಾವನನ್ನು ಊರಿನವರ ಎದುರು, ಅವರದ್ದೇ ಬೆಂಚಿನಲ್ಲಿ ಕೂತು, ನಿಮಗೆ ಮುಪ್ಪಾಗಿದೆ ಎನ್ನುವುದು ಹೇಗೆ? ಹೇಳಿದರೆ ಒಲೆ ಆರುತ್ತದೆ. ಹೇಳದಿದ್ದರೆ ಏನಾಗುತ್ತದೆ ಎನ್ನುವುದನ್ನು ಯೋಚಿಸುವಷ್ಟು ಧೈರ್ಯವೂ ನನಗಿರಲಿಲ್ಲ. "ಇರಬಹುದು" ಎಂದೆ.

ಐದನೆಯ ಕ್ಲಾಸಿನ ಮಕ್ಕಳಿಗೆ ಮರ ಹೇಗೆ ಬೆಳೆಯುತ್ತದೆಂದು ಪಾಠ ಮಾಡುತ್ತಿದ್ದವಳು ನಾನು. ಅದೇ ಕೈಯಲ್ಲಿ, ಮೊಳೆಯ ಗುರುತನ್ನು ನಂಬಲಾಗದು, ನೀರು ಮೊಣಕಾಲಿನಷ್ಟಿತ್ತು ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ರುಜು ಹಾಕಿದೆ. ಇಂಜಿನಿಯರಿಗೆ ಮಾವ ಬಿಸಿ ಗೋಳಿಬಜೆ ಕೊಟ್ಟರು.

ಸಂಜೆ ಇದನ್ನು ಕೇಳಿ ನನ್ನ ಗಂಡ ಹೊಟ್ಟೆ ಹಿಡಿದು ನಕ್ಕರು. "ಮೊಳೆ ನಡೆಯುದಾ? ನಾಳೆ ಸಂಕವೂ ನಡೆದೀತು, ಡ್ರೈವರು ಬೇಡ" ಎಂದರು. ನಂತರ ಕೈ ತೊಳೆಯುತ್ತ, ಏನೂ ಅಲ್ಲದ ಮಾತಿನ ಹಾಗೆ ಹೇಳಿದರು, "ತಗ್ಗಿನ ಸೇತುವೆ ಆದ್ರೆ ಮಳೆಗಾಲದಲ್ಲಿ ನೀರಿನಲ್ಲೇ ಹೋಗುದು. ಹೊಸತು, ಗಟ್ಟಿ ಉಂಟು ಅಂತ ಜನ ನಿಲ್ಲಿಸ್ಲಿಕ್ಕೆ ಬಿಡುದಿಲ್ಲ. ಬದಿಯ ಕಲ್ಲು ಕಂಡ್ರೆ ಹೋಗುದು, ಕಾಣದಿದ್ರೆ ಅಂದಾಜಿಗೆ ಹೋಗುದು."

ಅಂದಾಜಿಗೆ ಎನ್ನುವ ಮಾತು ನನ್ನ ಕಿವಿಯಿಂದ ಹೋಗಲೇ ಇಲ್ಲ. ಅಲ್ಲಿಯವರೆಗೆ ನನ್ನ ಹೆದರಿಕೆಗೆ ಒಂದು ಕೊನೆ ಇತ್ತು, ಹೊಸ ಸೇತುವೆ ಬಂದರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ಆ ಕೊನೆಯನ್ನು ನಾನೇ ಅಳಿಸಿ, ಕೆಳಗೆ ರುಜು ಹಾಕಿದ ಹಾಗಾಯಿತು. ಮೊಳೆಗೆ ಚೀಲ ತೂಗಿಸುವಾಗಲೆಲ್ಲ ಯಾರೋ ನೋಡುತ್ತಿದ್ದಾರೆ ಎನಿಸಿ ಹಿಂದೆ ತಿರುಗಿ ನೋಡುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ. ಪುಕ್ಕಲರಿಗೆ ನಾಳೆ ಎನ್ನುವುದು ದೊಡ್ಡ ಆಸರೆ.

ಮಳೆಗಾಲ ಬಂತು. ಒಂದು ಸಂಜೆ ಶಾಲೆ ಬಿಟ್ಟು ನಾವು ಬಸ್ಸಿನಲ್ಲಿ ಹೊಳೆಯ ಹತ್ತಿರ ಬರುವಾಗ ಸಂಕದ ಮೇಲೆ ನೀರು ಹರಿಯುತ್ತಿತ್ತು. ಹೆಚ್ಚಿಲ್ಲ, ಪಾದ ಮುಳುಗುವಷ್ಟು. ಕೆಂಪು ನೀರಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ, ಎರಡು ಸಾಲು ಬದಿಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಸಾಮಾನ್ಯವಾಗಿ ಅಂಥ ದಿನ ಬಸ್ಸು ನಿಲ್ಲುತ್ತಿತ್ತು. ಅಂದು ಬಸ್ಸಿನಲ್ಲಿ ಇಚಿಲಂಪಾಡಿ ಕಡೆಯ ಒಬ್ಬ ಹೆಂಗಸಿದ್ದಳು, ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು, ಅವಳಣ್ಣ ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅವನು ನನ್ನ ಗಂಡನ ಎದುರು ಕೈಮುಗಿದು ನಿಂತ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬೇಡ ಎನ್ನಬಹುದಿತ್ತು.

"ಕಲ್ಲು ಕಾಣ್ತದೆ. ಅವರಿಬ್ಬರು ಇರ್ಲಿ, ಉಳಿದವರು ಇಳೀರಿ" ಎಂದರು ನನ್ನ ಗಂಡ. ನನ್ನನ್ನು ನೋಡಲಿಲ್ಲ. ನೋಡಿದರೆ ಹೋಗಲಾಗದೆಂದು ಅವರಿಗೆ ಗೊತ್ತಿತ್ತು. ಬಾಗಿಲಿಗೆ ಹಗ್ಗ ಕಟ್ಟಿ ಬಸ್ಸನ್ನು ನೀರಿಗಿಳಿಸಿದರು.

ನಾನು ಎಂದಿನಂತೆ ಬೆನ್ನು ಹಾಕಿ ನಿಂತೆ. ಕಣ್ಣು ಮುಚ್ಚಿ ಒಂದನೆಯ ತಗಡಿನ ಸದ್ದಿಗೆ ಕಾದೆ. ಬರಲಿಲ್ಲ. ಇನ್ನೂ ಕಾದೆ. ಬರಲಿಲ್ಲ. ತಗಡುಗಳು ನೀರಿನಡಿಯಲ್ಲಿದ್ದವು, ಹೊಳೆಯ ಬೊಬ್ಬೆಯೊಂದೇ ಕೇಳುತ್ತಿತ್ತು. ಎಣಿಸಲು ಏನೂ ಇರಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ತಿರುಗಿ ನೋಡಿದೆ. ಬಸ್ಸು ನಡುವಿನಲ್ಲಿ ನಿಂತಿತ್ತು. ತೇಲಿಬಂದ ಒಂದು ದೊಡ್ಡ ಮರದ ದಿಮ್ಮಿ ಎದುರಿನ ಬದಿಕಲ್ಲಿಗೆ ಸಿಕ್ಕಿಕೊಂಡು ದಾರಿ ಕಟ್ಟಿತ್ತು. ಕಂಡಕ್ಟರು ಕೈಯಲ್ಲಿ ಸೀಟಿ ಹಿಡಿದು ನಿಂತಿದ್ದ, ಊದಲು ಅವನಿಗೂ ಉಸಿರಿರಲಿಲ್ಲ. ಆಚೆ ದಡದಲ್ಲಿ ಮಾವಿನ ಮರದ ಬುಡಕ್ಕೆ ಮಾವ ಬಂದು ನಿಂತದ್ದು ಕಾಣಿಸಿತು. ಕೊಡೆ ಇಲ್ಲ, ಮಳೆಯಲ್ಲಿ ನೆನೆಯುತ್ತ ಒಂದು ಕೈ ಮರಕ್ಕೆ ಕೊಟ್ಟು ನಿಂತಿದ್ದರು. ಹೋಟೆಲಿಗೆ ನೀರು ನುಗ್ಗೀತೆಂದು ನೋಡಲಿಕ್ಕೆ ಬಂದಿರಬೇಕು ಎಂದುಕೊಂಡೆ. ಆ ಹೊತ್ತಿನಲ್ಲೂ ನನಗೆ ಅವರ ಮೇಲೆ ಸಿಟ್ಟು ಬಂತು.

ದಿಮ್ಮಿ ತಾನಾಗಿ ತಿರುಗಿ, ಕಲ್ಲನ್ನು ಕಿತ್ತುಕೊಂಡೇ ಹೊಳೆಗೆ ಬಿತ್ತು. ಬಸ್ಸು ಮೆಲ್ಲಗೆ ದಾಟಿತು. ನಾನು ರಸ್ತೆಯಲ್ಲೇ ಕೂತುಬಿಟ್ಟೆ, ಸೀರೆ ಕೆಸರಾದದ್ದು ಆಮೇಲೆ ಗೊತ್ತಾಯಿತು. ಆ ಹೆಂಗಸು ಬದುಕಿದಳೆಂದು ವಾರದ ನಂತರ ತಿಳಿಯಿತು. ನನ್ನ ಗಂಡನಿಗೆ ಊರಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಹೊಗಳುವವರು ಬಂದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಒಮ್ಮೆ ದಾಟಿದವನನ್ನು ಇನ್ನೊಮ್ಮೆಯೂ ಕೇಳುತ್ತಾರೆ. ಮುಂದಿನ ಮಳೆಗಾಲಕ್ಕೂ, ಅದರ ಮುಂದಿನದಕ್ಕೂ ಕೈಮುಗಿದು ನಿಲ್ಲುವವರು ಇದ್ದೇ ಇರುತ್ತಾರೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ರವಿಕೆ ಬಟ್ಟೆ ತರಲಿಕ್ಕುಂಟು ಎಂದು ಸುಳ್ಳು ಹೇಳಿ ಪುತ್ತೂರಿಗೆ ಹೋದೆ. ಇಂಜಿನಿಯರ ಕಚೇರಿಯ ಮೆಟ್ಟಿಲಲ್ಲಿ ಎರಡು ಸಲ ಹಿಂದೆ ತಿರುಗಿದೆ. ಮೂರನೆಯ ಸಲ ಜವಾನ, "ಎಂತ ಅಕ್ಕ, ಯಾರು ಬೇಕು?" ಎಂದು ಕೇಳಿದ್ದರಿಂದ ಒಳಗೆ ಹೋಗಲೇಬೇಕಾಯಿತು. ಇಂಜಿನಿಯರಿಗೆ ನನ್ನ ಗುರುತು ಸಿಕ್ಕಿತು. ನಿಂತುಕೊಂಡೇ ಎಲ್ಲ ಹೇಳಿದೆ: ಚೀಲ, ಹಿಮ್ಮಡಿ, ಮೊದಲ ದಿನ, ಈಗಿನ ದಿನ.

ಅವರು ಸಿಟ್ಟಾಗಲಿಲ್ಲ. "ನನಗೂ ಆವತ್ತು ಅನುಮಾನ ಇತ್ತು ಟೀಚರ್. ಆದರೆ ಮರ ನಿಮ್ಮದು, ನೆರೆ ನಿಮ್ಮದು. ಅದಕ್ಕೇ ನಿಮ್ಮನ್ನ ಕೇಳಿದೆ. ನೀವು ಇರಬಹುದು ಅಂದ್ರಿ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೊದಲಿನ ಕಾಗದವನ್ನು ಹರಿದುಬಿಡಿ ಎಂದು ಕೇಳಿಕೊಂಡೆ. ಹರಿಯುವಂತಿಲ್ಲ, ಇನ್ನೊಂದು ಬರೆದುಕೊಡಿ ಎಂದರು. ಬರೆದೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ. "ನಮ್ಮ ಮನೆಯಲ್ಲಿ ಹೇಳಬೇಡಿ" ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಅವರು ಕಾಗದವನ್ನು ಫೈಲಿಗೆ ಸೇರಿಸಿದರು.

ಮುಂದಿನ ವಾರ ಬೆಳಗ್ಗೆ ಬಸ್ಸಿನ ಹೊತ್ತಿಗೆ ಅವರ ಜೀಪು ಬಂತು. ಇಳಿದು ಚಾ ತೆಗೆದುಕೊಂಡು ಬೆಂಚಿನಲ್ಲಿ ಕೂತರು. ನಾನು ಚೀಲ ಹಿಡಿದುಕೊಂಡು ಹೊರಗೆ ಬಂದವಳು ಅವರನ್ನು ನೋಡಿ ಕಲ್ಲಾದೆ. ಅವರು ಮರದ ಕಡೆ ನೋಡಿದರು. ನಾನು ನಡೆದುಹೋಗಿ, ಹಿಮ್ಮಡಿ ಎತ್ತಿ, ಕೈ ಚಾಚಿ, ಚೀಲವನ್ನು ಮೊಳೆಗೆ ತೂಗಿಸಿದೆ. ಬೆರಳ ತುದಿಗೆ ಕಷ್ಟದಲ್ಲಿ ಎಟುಕಿತು. ಇಂಜಿನಿಯರು ಎದ್ದು ನೆಲದಿಂದ ಮೊಳೆಯವರೆಗೆ ಟೇಪು ಹಿಡಿದು ಬರೆದುಕೊಂಡರು. ನಾನು ತಿರುಗಿದಾಗ ಮಾವ ಒಲೆಯ ಹಿಂದೆ ಬಾಣಲೆಯ ಮುಂದೆ ನಿಂತಿದ್ದರು. ಎಣ್ಣೆಯಲ್ಲಿದ್ದ ಬಜೆ ಕಪ್ಪಾಗುತ್ತಿತ್ತು. ಅವರು ನೋಡುತ್ತಿದ್ದದ್ದು ನನ್ನ ಹಿಮ್ಮಡಿಯನ್ನು.

ಅಂದಿನಿಂದ ನಾನು ಕಾದೆ, ಮಾವ ಇಂದು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು. ಅವರು ಕೇಳಲಿಲ್ಲ. ಎತ್ತರದ ಸೇತುವೆ ಎಂದು ತೀರ್ಮಾನವಾದ ಕಾಗದ ಬಂದಾಗ ಅದನ್ನು ನನ್ನಿಂದಲೇ ಎರಡು ಸಲ ಓದಿಸಿಕೊಂಡು, ಮಡಚಿ ದೇವರ ಪಟದ ಹಿಂದೆ ಇಟ್ಟರು. ಮೇಲಿನ ಮನೆಯ ಯಜಮಾನರು ಬಂದು, ಯಾರೋ ಒಳಗಿನವರೇ ಪುತ್ತೂರಿಗೆ ಹೋಗಿ ಊದಿದ್ದಾರೆ ಎಂದು ಕೂಗಾಡಿದಾಗಲೂ, "ಚಾ ಕುಡೀರಿ, ಬಿಸಿ ಉಂಟು" ಎಂದರು ಅಷ್ಟೆ. ನನಗೆ ಅವರ ಬೈಗುಳಕ್ಕಿಂತ ಆ ಮೌನದ ಹೆದರಿಕೆ ಹೆಚ್ಚಾಯಿತು. ಅವರು ಕರೆದರೆ ಬೆಚ್ಚಿಬೀಳುತ್ತಿದ್ದೆ. ನೀರು ಕೇಳಲಿಕ್ಕೆ ಕರೆದದ್ದಾಗಿರುತ್ತಿತ್ತು.

ಕೆಲಸ ಸುರುವಾಗಿ ಮುಗಿಯಲು ಮೂರು ಮಳೆಗಾಲ ಹಿಡಿಯಿತು. ಮೂರರಲ್ಲೂ ನಾನು ತಗಡು ಎಣಿಸಿದೆ. ಹೊಸ ಕಂಬಗಳು ಮೇಲೆ ಬಂದ ಹಾಗೆ ನಮ್ಮ ಹೋಟೆಲು ತಗ್ಗಿನಲ್ಲಿ ಕೂತ ಹಾಗೆ ಕಾಣತೊಡಗಿತು. ಕೊನೆಯ ಬೇಸಗೆಯಲ್ಲಿ ನಾವು ಗುಡ್ಡದ ಬದಿಯಲ್ಲಿ ಕಟ್ಟಿದ ಸಣ್ಣ ಮನೆಗೆ ಹೋದೆವು. ಹೋಟೆಲಿನ ಒಲೆಯನ್ನು ಮಾವ ತಾವೇ ನೀರು ಹಾಕಿ ಆರಿಸಿದರು. ಮರುದಿನ ಮರ ಕಡಿಯುವವರು ಬಂದರು. ಗರಗಸದ ಸದ್ದು ಮೇಲಿನವರೆಗೆ ಕೇಳುತ್ತಿತ್ತು, ನಾನು ಹೋಗಿ ನೋಡಲಿಲ್ಲ. ಮಾವ ಹೋದರು, ಸಂಜೆಯವರೆಗೆ ಬರಲಿಲ್ಲ.

ಹೊಸ ಸೇತುವೆಯಲ್ಲಿ ಬಸ್ಸು ಬಿಟ್ಟ ದಿನ ಕಂಡಕ್ಟರು ಅಭ್ಯಾಸಬಲದಿಂದ "ಇಳೀರಿ" ಎಂದು ಅರ್ಧ ಕೂಗಿ, ನಾಲಿಗೆ ಕಚ್ಚಿಕೊಂಡ. ಎಲ್ಲರೂ ನಕ್ಕರು. ಬಸ್ಸು ನಿಲ್ಲದೆ ಹೋಯಿತು. ನನ್ನ ಗಂಡನ ಬದಿಯ ಬಾಗಿಲು ಮುಚ್ಚಿತ್ತು. ನಾನು ಸೀಟಿನ ಕಂಬಿ ಹಿಡಿದು ಕೂತಿದ್ದೆ, ಸದ್ದೇ ಇಲ್ಲದೆ ಹೊಳೆ ದಾಟಿದ್ದು ಗೊತ್ತಾಗಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಸುತ್ತಿಗೆ ಹಿಡಿದುಕೊಂಡು ಕಾಯುತ್ತಿದ್ದರು. ಕಾಲ ಬಳಿ ಮಾವಿನ ಮರದ ಒಂದು ತುಂಡು ಇತ್ತು, ತೊಗಟೆ ಸಹಿತ. ಅದರ ನಡುವೆ ಆ ಮೊಳೆ. ಮರ ಅದನ್ನು ಮುಕ್ಕಾಲು ನುಂಗಿತ್ತು, ತಲೆ ಮಾತ್ರ ಹೊರಗಿತ್ತು. ಕಡಿಯುವವರ ಹತ್ತಿರ ಹೇಳಿ ಆ ತುಂಡನ್ನು ಬೇರೆ ತೆಗೆಸಿಕೊಂಡು ಇಷ್ಟು ದಿನ ಅಡಗಿಸಿಟ್ಟಿದ್ದರು.

"ಇದನ್ನು ಗೋಡೆಗೆ ಹೊಡೆಯುವ, ನಿನ್ನ ಚೀಲಕ್ಕೆ" ಎಂದರು. "ಇಲ್ಲಿ ನಿಂತು ಕೈ ಎತ್ತು ಮಗಾ. ಎತ್ತರ ನೋಡ್ಬೇಕು."

ಮೂರು ವರ್ಷ ಕಾದ ಹೊತ್ತು ಬಂತು ಎಂದುಕೊಂಡೆ. ಗೋಡೆಯ ಬಳಿ ನಿಂತು, "ಮಾವ, ಪುತ್ತೂರಿಗೆ ಹೋದದ್ದು ನಾನು" ಎಂದೆ.

"ಗೊತ್ತುಂಟು. ಮೊಳೆ ಹತ್ತಿದ್ದಲ್ಲ, ನಾನು ಇಳಿದದ್ದು" ಎಂದರು. ಸುತ್ತಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. "ಸಂಕದ ನಡುವೆ ಬಸ್ಸು ನಿಂತದ್ದನ್ನು ನಾನೂ ನೋಡಿದ್ದೇನೆ. ನನ್ನ ಹತ್ರ ಹೇಳಿದ್ರೆ ನಾನೇ ಹೋಗಿ ಹೇಳ್ತಿದ್ದೆ. ಅವ ನನ್ನ ಮಗ ಅಲ್ವಾ?"

ಅಷ್ಟು ವರ್ಷ ಸಂಕಕ್ಕೆ ಹೆದರಿದೆ, ನೀರಿಗೆ ಹೆದರಿದೆ, ಈ ಮನುಷ್ಯನಿಗೂ ಹೆದರಿದೆ. ಮಳೆಯಲ್ಲಿ ಕೊಡೆಯಿಲ್ಲದೆ ನಿಂತವರು ಹೋಟೆಲು ನೋಡಲಿಕ್ಕೆ ಬಂದವರೆಂದು ನಂಬಿದ್ದೆ. ಕಣ್ಣು ಒರೆಸಿಕೊಂಡು, ಅಭ್ಯಾಸದಂತೆ ಬೆರಳ ತುದಿಯಲ್ಲಿ ನಿಂತು ಕೈ ಚಾಚಿದೆ.

"ಹಿಮ್ಮಡಿ ಕೆಳಗಿಡು" ಎಂದರು ಮಾವ. "ಇಲ್ಲಿಯವರೆಗೆ ನೀರು ಬರುದಿಲ್ಲ."